ಜೊತೆ ಬಿಟ್ಟವಳು

ಹೆಣಕ್ಕೆ ಮೂರನೆಯ ಕೊಡ ನೀರು ಸುರಿಯುತ್ತಿದ್ದ ರುಕ್ಮವ್ವನ ಕೈ ಗುರವ್ವನ ಹೊಟ್ಟೆಯ ಮೇಲೆ ನಿಂತುಬಿಟ್ಟಿತು. ಮೈಯೆಲ್ಲ ಬರೀ ಎಲುಬು, ಹೊಟ್ಟೆ ಮಾತ್ರ ಉಬ್ಬಿ ಬಿಗಿದಿತ್ತು.

“ಮನ್ಯಾಗ ಮೂಲವ್ಯಾಧಿ ಅಂತಿದ್ರು. ಅದಕ್ಕ ಹೊಟ್ಟಿ ಹಿಂಗ ಆಗ್ತೈತೇನ?”

ಹೆಣದ ಕಾಲು ತೊಳೆಯುತ್ತಿದ್ದ ನೆರೆಮನೆಯ ಸುಂದರವ್ವ, “ಈಗ್ಯಾಕ ಅದೆಲ್ಲ? ಸತ್ತಾಕಿನ್ನ ಸುಮ್ನ ಕಳಿಸ್ರಿ,” ಎಂದಳು.

ರುಕ್ಮವ್ವ ಸುಮ್ಮನಿರುವ ಹೆಂಗಸಲ್ಲ. ಮೋರಟಗಿಯ ಆ ಓಣಿಯಲ್ಲಿ ಯಾರ ಮನೆಯ ಒಲೆ ಎಷ್ಟೊತ್ತಿಗೆ ಹೊತ್ತಿತೆಂಬುದೂ ಅವಳಿಗೆ ಗೊತ್ತಾಗಬೇಕು. ಇಪ್ಪತ್ತು ವರ್ಷ ನಸುಕಿನಲ್ಲಿ ಚರಿಗೆ ಹಿಡಿದು ಗುರವ್ವನ ಜೊತೆ ಬಯಲಕಡೆಗೆ ಹೋದವಳು. ಅತ್ತೆ-ಸೊಸೆಯರ ಜಗಳ, ಗಂಡಂದಿರ ಗುಟ್ಟು ಎಲ್ಲ ಹೊರಬೀಳುತ್ತಿದ್ದುದು ಅಲ್ಲೇ. ಹೋದ ದೀಪಾವಳಿಯಿಂದ ಗುರವ್ವ ಒಬ್ಬಳೇ ಹೋಗತೊಡಗಿದ್ದಳು. ರುಕ್ಮವ್ವ ಸಿಟ್ಟಿಗೆದ್ದು ಎಂಟು ತಿಂಗಳು ಮಾತು ಬಿಟ್ಟಿದ್ದಳು. ಈಗ ಅದನ್ನು ನೆನೆದರೆ ಸಂಕಟವಾಗುತ್ತಿತ್ತು.

“ರಕ್ತ ಹೋಗ್ತಿತ್ತು,” ಎಂದಳು ಅದೇ ಓಣಿಗೆ ಕೊಟ್ಟಿದ್ದ ಗುರವ್ವನ ತಂಗಿ ಹೊನ್ನವ್ವ. “ನಿಮ್ಮ ಕಣ್ಣಿಗಿ ಬೀಳಬಾರ್ದಂತ ಒಬ್ಬಾಕಿನ ಹೋಗ್ತಿದ್ಲು.”

*

ಸಾವಿಗೆ ನಾಲ್ಕು ತಿಂಗಳ ಮೊದಲು, ಎಪ್ಪತ್ತಾರನೆಯ ಇಸವಿಯ ಮಾರ್ಚಿನಲ್ಲಿ ಹೊನ್ನವ್ವ ಅಕ್ಕನನ್ನು ಸಿಂದಗಿಯ ಡಾಕ್ಟರರ ಹತ್ತಿರ ಕರೆದೊಯ್ದಿದ್ದಳು. ನಾಡಿ ನೋಡಲೆಂದು ಗುರವ್ವ ಕೈ ಚಾಚಿದಳು. ಹೊಟ್ಟೆನೋವು ಎಂದಳೇ ಹೊರತು ರಕ್ತದ ಮಾತೆತ್ತಲಿಲ್ಲ. ಹೊನ್ನವ್ವನೇ ಬಾಯಿಬಿಡಬೇಕಾಯಿತು.

ಡಾಕ್ಟರರು ಪೆನ್ನು ಕೆಳಗಿಟ್ಟರು. “ಮೂಲವ್ಯಾಧಿ ಇರಬಹುದು, ಕರುಳಿನ ಕ್ಯಾನ್ಸರೂ ಇರಬಹುದು. ಬೆರಳಿಂದ ಪರೀಕ್ಷಾ ಮಾಡಬೇಕವ್ವ. ನರ್ಸಬಾಯಿ ಬಾಜೂಕ ಇರ್ತಾರ. ಲಗೂ ಗೊತ್ತಾದ್ರ ಉಳಿಸಬಹುದು.”

“ಹಡಿಯೂ ಮುಂದ ಸೂಲಗಿತ್ತಿ ನೋಡ್ಯಾಳ. ಆಕಿನ ಬಿಟ್ರ ಯಾರೂ ನೋಡಿಲ್ಲ,” ಎಂದವಳೇ ಗುರವ್ವ ಸೆರಗು ಹೊದ್ದು ಹೊರಬಿದ್ದಳು.

ಹಿಂದೆ ಉಳಿದ ಹೊನ್ನವ್ವನಿಗೆ ಡಾಕ್ಟರರು, “ಒಡಹುಟ್ಟಿದವರಿಗೂ ಬರಬಹುದು. ನಿನಗೂ ಹಂಗೇನರ ಕಂಡ್ರ ಕಾಯಬ್ಯಾಡ,” ಎಂದರು. ಬಸ್ಸಿನಲ್ಲಿ ಗುರವ್ವ ತಂಗಿಯಿಂದ ಆಣೆ ಮಾಡಿಸಿಕೊಂಡಳು, ಯಾರ ಮುಂದೂ ಹೇಳಬಾರದೆಂದು.

*

ಮಣ್ಣು ಕೊಟ್ಟು, ಸ್ನಾನ ಮಾಡಿ ಬಂದ ಗಂಡಸರು ಕಟ್ಟೆಯ ಮೇಲೆ ಕೂತಿದ್ದರು. ಅಂಗಳದಲ್ಲಿ ರುಕ್ಮವ್ವ ಹೊನ್ನವ್ವನ ಎದುರು ಬಂದು ಕೂತಳು.

“ತಿಂಗಳಾತು, ನೀನೂ ನಮ್ಮ ಜೋಡಿ ಬರೂದು ಬಿಟ್ಟಿ. ಯಾಕ?”

ಹೊನ್ನವ್ವ ಏಳಹೋದಳು; ರುಕ್ಮವ್ವ ಕೈ ಹಿಡಿದು ಕೂರಿಸಿದಳು.

“ನಿಮ್ಮಕ್ಕನ್ನ ನಾ ಕೇಳಲಿಲ್ಲ. ಸಿಟ್ಟು ಮಾಡಿ ಕುಂತೆ. ನಿನ್ನ ಕೇಳಾಕತ್ತೇನಿ.”

ಹೊನ್ನವ್ವನಿಗೆ ಸಾಯಲು ಭಯವಿತ್ತು, ಹೇಳಲು ಅದಕ್ಕಿಂತ ಹೆಚ್ಚು ನಾಚಿಕೆಯಿತ್ತು. ಆದರೂ ಹೇಳಿದಳು, ಕಟ್ಟೆಯವರೆಗೂ ಕೇಳುವಷ್ಟು ಗಟ್ಟಿಯಾಗಿ. “ನನಗೂ ರಕ್ತ ಹೋಗಾಕತ್ತೈತಿ ಅಕ್ಕಾ.”

ಹಿರಿಯರು ತಂತಮ್ಮ ಕಾಲಬೆರಳು ನೋಡಿಕೊಂಡರು. ಹೊನ್ನವ್ವನ ಗಂಡ ಪರಪ್ಪ ಮಾತ್ರ ಒದ್ದೆ ಧೋತರದಲ್ಲೇ ಎದ್ದು ದನದ ಕೊಟ್ಟಿಗೆಗೆ ನಡೆದ. ಬಳಗದಲ್ಲಿ ಸಾವಾದ ದಿನ ಅವರ ಮನೆತನದಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ.

“ಇವತ್ತ ಬ್ಯಾಡೋ ಪರಪ್ಪ. ಮುಂಜಾನಿ ಸಿಂದಗಿ ಬಸ್ಸ ಐತಲ್ಲ,” ಎಂದರು ಹಿರಿಯರಾದ ಬಸಂತರಾಯರು.

“ಮುಂಜಾನಿ ಮತ್ತ ಈಕಿ ಒಲ್ಲೆ ಅಂದ್ರ?” ಎಂದ ಪರಪ್ಪ ಬಂಡಿಗೆ ಎತ್ತು ಹೂಡಿದ.

ಹೊನ್ನವ್ವ ಅಂಗಳದಿಂದ ಏಳುವಷ್ಟರಲ್ಲಿ ರುಕ್ಮವ್ವ ಬಂಡಿ ಹತ್ತಿ, ಒಂದು ಬದಿಗೆ ಸರಿದು ಕೂತಿದ್ದಳು.