ದೇವಕ್ಕನ ಬರಣಿಯಲ್ಲೊಂದು ತೋಟ

ಗಾಜಿನ ಒಳಗೆ ಮಂಜು ಕಟ್ಟಿದೆ, ಹೆಚ್ಚಲ್ಲ, ಒಂದು ಬದಿಗಷ್ಟೇ, ಇಷ್ಟಿದ್ದರೆ ಒಳ್ಳೆಯದು, ಬಿಸಿಲೇರಿದಂತೆ ತಾನೇ ಆರುತ್ತದೆ, ಹೋದ ಸಲ ನೀರು ಹೆಚ್ಚಾಗಿ ಪಾಚಿಗೆಲ್ಲ ಬೂಜು ಹತ್ತಿ ಸುರಿಯಬೇಕಾಯಿತು, ಕುಂಡಕ್ಕೆ ಹೊಯ್ದು ರೂಢಿಯಾದ ಕೈ ಇದು — ಕುಕ್ಕರ್ ಕೂಗಿತು, ಇನ್ನೊಂದು ಸೀಟಿಯಾಗಲಿ — ಈ ಸಲ ಚಮಚದಲ್ಲೇ ಹಾಕಿದೆ, ತಳಕ್ಕೆ ಹರಳುಕಲ್ಲು, ಅದರ ಮೇಲೆ ಇಸ್ತ್ರಿಯವನಿಂದ ಕೇಳಿ ತಂದ ಇದ್ದಿಲು, ಮಣ್ಣು, ಮಗಳು ನೂರೀನ ಕಾಂಪೌಂಡ್ ಗೋಡೆಯಿಂದ ಎಬ್ಬಿಸಿ ತಂದ ಪಾಚಿ, ನಡುವೆ ಬೆರಳುದ್ದದ ಜರೀಗಿಡ, ಮುಚ್ಚಳ ಬಿಗಿ. ಬರಣಿ ನನ್ನದಲ್ಲ, ಕೆಳಗಿನ ಮನೆಯ ದೇವಕ್ಕನದು, ಗುರೆಳ್ಳು ಚಟ್ನಿ ತುಂಬಿ ಕಳಿಸಿದ್ದಳು, ಸೋಡಾ ಹಾಕಿ ತಿಕ್ಕಿ ತಿಕ್ಕಿ ಆ ಬೆಳ್ಳುಳ್ಳಿ ವಾಸನೆ ಬಿಡಿಸುವಷ್ಟರಲ್ಲಿ ಸಾಕಾಯಿತು, ಚಟ್ನಿ ಮುಗಿಯುವ ಮೊದಲೇ ಜಗಳವಾಯಿತು, ಬರಣಿ ಇಲ್ಲೇ ಉಳಿಯಿತು. ನನ್ನ ಅಮ್ಮಿ ಯಾರ ಪಾತ್ರೆಯನ್ನೂ ಖಾಲಿ ತಿರುಗಿಸಿದವಳಲ್ಲ, ಒಂದು ಹಿಡಿ ಸಕ್ಕರೆಯಾದರೂ ಇಡುತ್ತಿದ್ದಳು. ಶೀರಾ ತುಂಬಿ ವಾಚ್‌ಮನ್ ಕೈಯಾಗ ಕಳಸು, ಮುಗೀತು, ಅನ್ನುತ್ತಾರೆ ನೂರೀನಳ ಅಬ್ಬಾ, ಮುಗಿಯುವುದಿಲ್ಲ, ಶೀರಾ ತಿಂದು ಕೈ ತೊಳೆದು ದೇವಕ್ಕ ತಲೆ ಎತ್ತಿದರೆ ಅವಳ ಛಾವಣಿಯ ಕಲೆ ಕಾಣುತ್ತದಲ್ಲ, ನನ್ನ ಬಾಲ್ಕನಿ ಕುಂಡಗಳ ನೀರು ಇಳಿದಿಳಿದು, ಅವಳ ಮಗ ಶೇಖರನ ಮದುವೆ ಮಾತಿಗೆ ಹೆಣ್ಣಿನ ಕಡೆಯವರು ಬಂದು ಕೂತ ದಿನವೇ — ಬೀಗರ ಬಿಳಿ ಟೊಪ್ಪಿಗಿ ಮ್ಯಾಲೆ ರಾಡಿ ಬಿತ್ತಲ್ಲ ಶಿರೀನಾ, ಅವರ ಮುಂದ ನಾ ಮಾರಿ ಹೆಂಗ ಎತ್ತಲಿ, ತ್ವಾಟಾ ಮಾಡೂದಿದ್ರ ಊರಿಗೆ ಹೋಗಿ ಮಾಡು! ಎಂದು ಕೂಗಿದಳು. ಸಂಬಂಧವೇನೋ ಕೂಡಿತು, ಮದುವೆ ಕಾರ್ಡು ಬಿಲ್ಡಿಂಗ್ ತುಂಬ ಹಂಚಿದಳು, ನಮ್ಮ ಮನೆಯೊಂದು ಬಿಟ್ಟು, ಅಮ್ಮಿ, ಶೇಖರ ಭೈಯಾ ಕೀ ಶಾದಿ ಮೇ ಹಮ್ ನಹೀ ಜಾಯೇಂಗೇ ಕ್ಯಾ, ನಾವು ಮದುವೆಗೆ ಹೋಗುವುದಿಲ್ಲವಾ ಎಂದು ನೂರೀನ ದಿನವೂ ಕೇಳುತ್ತಾಳೆ, ದೇವಕ್ಕನ ತೊಡೆಯ ಮೇಲೆ ಎಣ್ಣೆ ಹಚ್ಚಿಸಿಕೊಂಡು ಬೆಳೆದ ಮಗು. ಕುಂಡಗಳನ್ನೆಲ್ಲ ಪವಾಯಿಯಲ್ಲಿರುವ ತಂಗಿಗೆ ಕಳಿಸಿಬಿಟ್ಟೆ, ಅದು ದೇವಕ್ಕನಿಗೆ ಗೊತ್ತಿಲ್ಲ, ಗೊತ್ತಾಗಲಿ, ನನ್ನ ತೋಟ ಈಗ ಇಷ್ಟೇ ಅಕ್ಕಾ, ಇದರ ನೀರು ಇದರಲ್ಲೇ ಏರಿ ಇದರಲ್ಲೇ ಇಳಿಯುತ್ತದೆ, ತಲೆಕೆಳಗೆ ಮಾಡದಿದ್ದರೆ ಸಾಕು, ಇಷ್ಟು ಹೇಳಲೇಬೇಕು, ನಗುತ್ತಾಳೋ ಬಯ್ಯುತ್ತಾಳೋ ಅವಳಿಗೆ ಬಿಟ್ಟದ್ದು.

ಗ್ಯಾಸ್ ಆರಿಸಿದೆ, ದುಪಟ್ಟಾ ತಲೆಗೆಳೆದುಕೊಂಡೆ, ಬರಣಿ ಎತ್ತಿಕೊಂಡೆ, ಲಿಫ್ಟ್ ಬೇಡ, ಅಲುಗುತ್ತದೆ, ಮೆಟ್ಟಿಲೇ ಸರಿ, ನೂರೀನ ಹಿಂದೆ ಬೆರಳು ಕಚ್ಚುತ್ತ, ಬಾ ಬೇಟಾ, ಹೆದರಬೇಡ, ಬೆಲ್ ನೀನೇ ಒತ್ತು — ಒಳಗೆ ಚಪ್ಪಲಿ ಸದ್ದು, ಹತ್ತಿರ ಬಂತು, ನಿಂತಿತು. ನಾನಾ ದೇವಕ್ಕಾ, ಶಿರೀನ್, ನಿನ್ನ ಬರಣಿ ತಂದೀನಿ. ಬಾಗಿಲಿನ ಪುಟ್ಟ ಗಾಜಿನ ಕಣ್ಣಿನಲ್ಲಿ ಈಗಷ್ಟೇ ಬೆಳಕಿತ್ತು, ಕಪ್ಪಾಯಿತು, ನೋಡುತ್ತಿದ್ದಾಳೆ, ಬರಣಿಯನ್ನು ಮೇಲೆತ್ತಿ ಅದರೆದುರು ಹಿಡಿದೆ, ತೋಳು ನೋಯುತ್ತಿದೆ, ಇಳಿಸುವುದಿಲ್ಲ, ಆ ಕಣ್ಣು ಕಪ್ಪಾಗಿಯೇ ಇದೆ, ಸರಿದಿಲ್ಲ, ಇನ್ನೂ ಕಪ್ಪಾಗಿಯೇ ಇದೆ