ಪರೀಕ್ಷೆಯ ದಿನ ಕಾಣೆಯಾದವಳು

"ಪರೀಕ್ಷೆ ದಿನ ಆ ಮೂವರು ಮನೇಲೇ ಇದ್ರೆ ಎಲ್ಲರಿಗೂ ಒಳ್ಳೇದು," ಎಂದಿದ್ದರು ಮುಖ್ಯೋಪಾಧ್ಯಾಯರು. ನಗರದ ಶಾಲೆಗಳಿಗೆಲ್ಲ ಒಟ್ಟಿಗೆ ನಡೆಯುವ ಪರೀಕ್ಷೆಯದು. ಸರಾಸರಿ ಅಂಕ ಇಳಿದರೆ ಅನುದಾನವೂ ಇಳಿಯುತ್ತದೆ. ಹಿಂದಿನ ಸಲ ಹಾಗಾದಾಗ ವಾಚನಾಲಯಕ್ಕೆ ಬೀಗ ಬಿದ್ದು, ಸಂಗೀತದ ಮಾಸ್ತರರು ಕೆಲಸ ಕಳೆದುಕೊಂಡು ಮನೆಗೆ ಹೋಗಿದ್ದರು. ಬೆನ್ನ ಹಿಂದೆ ಶಿಕ್ಷಕಿಯರು ಮುಖ್ಯೋಪಾಧ್ಯಾಯರನ್ನು 'ಸರಾಸರಿ ಸಾಹೇಬರು' ಎನ್ನುತ್ತಿದ್ದರು. ಎದುರಿಗೆ ಮಾತ್ರ ಎಲ್ಲರೂ ತಲೆಯಾಡಿಸುವವರೇ.

ನಾಲ್ಕನೇ ತರಗತಿಯ ಟೀಚರೂ ತಲೆಯಾಡಿಸಿದರು. ಅವರ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಹೊರಗಿನಿಂದ ಬಂದ ಕುಟುಂಬಗಳವರು. ಶಾಲೆಯ ಭಾಷೆ ಇನ್ನೂ ನಾಲಿಗೆಗೆ ಹತ್ತದ ಮೂವರನ್ನು ಕರೆದು, "ನಾಳೆ ನಿಮಗೆ ರಜೆ," ಎಂದುಬಿಟ್ಟರು. ಇಬ್ಬರು ಕುಣಿದಾಡಿದರು. ಗಿಡ್ಡವಳೆಂದು ಎಲ್ಲರೂ 'ಮೆಣಸಿನಕಾಳು' ಎಂದು ಕರೆಯುತ್ತಿದ್ದ ಹುಡುಗಿ ಮಾತ್ರ ಟೀಚರ ಮುಖವನ್ನೇ ನೋಡುತ್ತ ನಿಂತಳು.

ಮರುದಿನ ಪರೀಕ್ಷೆ ಶುರುವಾಗಿ ಸ್ವಲ್ಪ ಹೊತ್ತಿಗೆ ಅವಳ ತಾಯಿ ಲಾಂಡ್ರಿಯ ಏಪ್ರನ್ನಿನಲ್ಲೇ, ಕಾವಲುಗಾರನ ಜೊತೆ ತರಗತಿಯ ಬಾಗಿಲಿಗೆ ಬಂದಳು.

"ಟೀಚರ್, ನಮ್ಮ ಹುಡುಗಿ ಊಟದ ಡಬ್ಬಿ ಮರೆತು ಬಂದಿದ್ದಾಳೆ. ಸ್ವಲ್ಪ ಕರೀತೀರಾ?"

ಟೀಚರು ಬಾಗಿಲು ಎಳೆದುಕೊಂಡು ಹೊರಗೆ ಬಂದರು. ಅಷ್ಟರಲ್ಲಿ ಕಾವಲುಗಾರನೇ ಬಾಯಿಬಿಟ್ಟ: "ಆ ಪುಟ್ಟೀನಾ? ಬೆಳಿಗ್ಗೆ ಬಂದಿತ್ತು. ಒಳಗೆ ಬಿಡಬೇಡ ಅಂತ ಸಾಹೇಬರು ಹೇಳಿದ್ರು. ಅಳ್ತಾ ದೊಡ್ಡ ರಸ್ತೆ ಕಡೆ ಹೋಯ್ತು."

ಮನೆ ಇದ್ದದ್ದು ಇನ್ನೊಂದು ದಿಕ್ಕಿನಲ್ಲಿ.

ಇಬ್ಬರೂ ಓಡಿದರು. ಲಾರಿಗಳು ಮೈಮೇಲೆ ಬಂದಂತೆ ನುಗ್ಗುತ್ತಿದ್ದವು. ಮೇಲ್ಸೇತುವೆಯ ಕಂಬಗಳ ನಡುವೆ ಚರಂಡಿಯ ಚಪ್ಪಡಿಯೊಂದು ಮುರಿದು ಬಾಯ್ತೆರೆದಿತ್ತು. ಕೆಳಗೆ ಕಪ್ಪು ನೀರಿನಲ್ಲಿ ನೀಲಿಯದೇನೋ ತೇಲುತ್ತಿತ್ತು, ಸಮವಸ್ತ್ರದ್ದೇ ನೀಲಿ. ಟೀಚರು ಅಲ್ಲೇ ಮಂಡಿಯೂರಿದರು. ಬಗ್ಗಿ ನೋಡಿದರೆ ಪ್ಲಾಸ್ಟಿಕ್ ಚೀಲ.

"ಒಳಗೆ ಯಾಕೆ ಬಿಡ್ಲಿಲ್ಲ ಟೀಚರ್? ಏನು ಮಾಡಿದ್ಲು ಅವಳು?" ಏದುಸಿರಿನಲ್ಲೇ ತಾಯಿ ಕೇಳಿದಳು.

"ಮೊದಲು ಹುಡುಕೋಣ, ಬನ್ನಿ."

ಫೋನಿನಲ್ಲಿ ಸಾಹೇಬರು: "ಗಲಾಟೆ ಮಾಡಬೇಡಿ, ತಪಾಸಣೆಯವರು ಬಂದು ಕೂತಿದ್ದಾರೆ!" ಟೀಚರು ಕರೆ ಕತ್ತರಿಸಿದರು.

ಟೈರ್ ಅಂಗಡಿಯವನೊಬ್ಬ ಕೈ ತೋರಿಸಿದ. "ನೀಲಿ ಫ್ರಾಕಾ? ಆಚೆ ಸ್ಕೂಲಿಗೆ ಓಡ್ತಾ ಇದ್ಲು. ಲೇಟಾಗಿದೆ ಪಾಪ ಅಂದ್ಕೊಂಡೆ."

ರಸ್ತೆಯಾಚೆಯ ಶಾಲೆಯಲ್ಲಿ, ಹಸಿರು ಸಮವಸ್ತ್ರದ ಸಾಲುಗಳ ಕೊನೆಗೆ ಒಂದೇ ಒಂದು ನೀಲಿ ಫ್ರಾಕು. ಮೆಣಸಿನಕಾಳು ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದಳು.

ಅಲ್ಲಿನ ಮುಖ್ಯೋಪಾಧ್ಯಾಯಿನಿ ಪಿಸುಗುಟ್ಟಿದರು: "ಬಾಗಿಲಲ್ಲಿ ನಿಂತು 'ಪರೀಕ್ಷೆ, ಪರೀಕ್ಷೆ' ಅಂತಿದ್ಲು. ಬೇರೆ ಮಾತೇ ಇಲ್ಲ. ಕೂರಿಸಿದೆ. ಉತ್ತರಪತ್ರಿಕೆ ನಿಮ್ಮ ಶಾಲೆ ಹೆಸರಲ್ಲೇ ಹೋಗುತ್ತೆ."

ತಾಯಿ ಡಬ್ಬಿ ಹಿಡಿದು ನೆಲದ ಮೇಲೆ ಕುಸಿದಳು. ಟೀಚರು ಪಕ್ಕದಲ್ಲಿ ಕುಳಿತರು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನಿಸಿತು.

"ರಜೆ ಅಂತ ಸುಳ್ಳು ಹೇಳಿದ್ದು ನಾನೇ. ಅಂಕ ಕಮ್ಮಿಯಾಗುತ್ತೆ ಅಂತ."

ತಾಯಿ ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿದಳು. "ನಮ್ಮವಳು ದಡ್ಡಿ ಅಲ್ಲ," ಎಂದಳು. ಅಷ್ಟೇ. ಗಂಟೆ ಹೊಡೆದಾಗ ಮಗಳ ಕೈ ಹಿಡಿದು ಹೊರಟುಹೋದಳು.

ಟೀಚರು ವಾಪಸು ಬಂದು, ಸಾಹೇಬರು ಕಣ್ಣು ಕೆಕ್ಕರಿಸುತ್ತಿದ್ದಂತೆಯೇ ತಪಾಸಣೆಯವರಿಗೆ ಎಲ್ಲವನ್ನೂ ಹೇಳಿದರು. ಉಳಿದ ಇಬ್ಬರಿಗೆ ಮತ್ತೆ ಪರೀಕ್ಷೆ ನಡೆಯಿತು. ಮೆಣಸಿನಕಾಳು ಭಾಷೆಯಲ್ಲಿ ನಪಾಸಾಗಿ ಗಣಿತದಲ್ಲಿ ಪಾಸಾದಳು. ಈಗ ಹಸಿರು ಸಮವಸ್ತ್ರ ಹಾಕುತ್ತಾಳೆ. ಹಳೆಯ ಶಾಲೆಯ ಮೇಲಿನ ವಿಚಾರಣೆ ಇನ್ನೂ ಮುಗಿದಿಲ್ಲ. ಕೆಲಸ ಉಳಿಯುತ್ತದೋ ಇಲ್ಲವೋ ಟೀಚರಿಗೆ ಗೊತ್ತಿಲ್ಲ. ಆದರೆ ದೊಡ್ಡ ರಸ್ತೆಯಲ್ಲಿ ಹೋಗುವಾಗ ಅವರು ಇಂದಿಗೂ ಆ ಮುರಿದ ಚಪ್ಪಡಿಯ ಕಡೆ ನೋಡುವುದಿಲ್ಲ.