ಪೆಟ್ಟಿಗೆಗೆ ಬೀಳದ ಮೀನು

ಕತೆ ಅಂದಮೇಲೆ ಒಬ್ಬ ರಾಜ ಇರಲೇಬೇಕು. ಈ ಕತೆಯ ರಾಜ ನೀರಿನೊಳಗಿದ್ದ. ಅವನ ರಾಜ್ಯ ಉಪ್ಪೇ ಇಲ್ಲದ ಒಂದು ಸಮುದ್ರ. ದಡದಲ್ಲಿ ನಿಂತರೆ ಆಚೆ ದಡ ಕಾಣದು, ಬೊಗಸೆಯಲ್ಲಿ ಎತ್ತಿ ಕುಡಿದರೆ ಸಿಹಿನೀರು. ಮಿಶಿಗನ್ ಸರೋವರ ಅಂತ ಅದರ ಹೆಸರು. ರಾಜ ಅಂದರೆ ದೊಡ್ಡ ಜಾತಿಯ ಸಾಮನ್ ಮೀನು. ಆ ಸೀಮೆಯ ಗಂಡಸರು ಅದನ್ನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ. ರಾಜನ ವಂಶಾವಳಿಯನ್ನು ಮಾತ್ರ ಯಾರೂ ಕೇಳುವಂತಿರಲಿಲ್ಲ. ಅವನ ಪೂರ್ವಜರನ್ನು ಸರ್ಕಾರದವರು ಆ ದೇಶದ ಪಡುವಣ ಕಡಲಿನ ಕಡೆಯಿಂದ ಮೊಟ್ಟೆಯ ರೂಪದಲ್ಲಿ ತಂದು, ತೊಟ್ಟಿಯಲ್ಲಿ ಸಾಕಿ, ಲಾರಿಯಲ್ಲಿ ಹೇರಿಕೊಂಡು ಬಂದು, ಕೊಳವೆಯಲ್ಲಿ ನೀರಿಗೆ ಸುರಿದಿದ್ದರು. ಬೇರೆ ರಾಜವಂಶಗಳು ಶುರುವಾದದ್ದೂ ಹೆಚ್ಚುಕಡಿಮೆ ಹೀಗೆಯೇ ಇರಬಹುದು. ಅವಕ್ಕೆ ಹೊಗಳುಭಟ್ಟರು ಸಿಕ್ಕರು, ಇವನಿಗೆ ಗಾಳದವರು ಸಿಕ್ಕರು.

ಆ ಸರೋವರದ ಪಡುದಡದ ಒಂದು ಬಂದರಿನಲ್ಲಿ, ಹಿಂದೆಂದೋ ಬೆಲ್ಜಿಯಂನಿಂದ ಬಂದು ನೆಲೆಸಿದವರ ಕೇರಿಯಲ್ಲಿ, ಫ್ಲಾವಿ ಎಂಬ ಮುದುಕಿಯಿದ್ದಳು. ಅವಳಿಗೆ ಇಬ್ಬರು ಗಂಡುಮಕ್ಕಳು, ಎಮಿಲ್ ಮತ್ತು ಕ್ಲೆಮ್. ಎಮಿಲನಿಗೆ ಒಬ್ಬಳೇ ಮಗಳು, ನೊಯೆಲ್ಲಾ; ಚೀಸ್ ಕಾರ್ಖಾನೆಯಲ್ಲಿ ಕೆಲಸ, ಉಳಿದ ಹೊತ್ತೆಲ್ಲ ಮೋಡದಲ್ಲಿ ವಾಸ. ಅಣ್ಣತಮ್ಮಂದಿರಿಗೆ ಸೇರಿ ಒಂದು ದೋಣಿ. ನೀರಡಿಯ ಮೀನನ್ನು ಬಣ್ಣಬಣ್ಣದ ಬಿಲ್ಲಾಗಿ ತೋರಿಸುವ ಪರದೆ, ಗಾಳವನ್ನು ಪಾತಾಳಕ್ಕೆ ಇಳಿಸುವ ಸೀಸದ ಗುಂಡುಗಳು, ಅವನ್ನು ಎತ್ತುವ ಯಂತ್ರ, ಮೀನಿನ ಕಣ್ಣಿಗೆ ಮಿಂಚಲೆಂದು ಮಾಡಿದ, ಕೊಕ್ಕೆ ಸಿಕ್ಕಿಸಿದ ತಗಡಿನ ಚಮಚಗಳು ಬೀರುವಿನ ತುಂಬ. ಮನೆಯ ಸೂರು ಸೋರುತ್ತಿತ್ತು, ದೋಣಿಯಲ್ಲಿ ಒಂದು ತೊಟ್ಟು ನೀರು ಕಾಣಿಸಿದರೂ ಎಮಿಲನಿಗೆ ನಿದ್ದೆ ಹತ್ತುತ್ತಿರಲಿಲ್ಲ. ದೋಣಿಯ ಹೆಸರು 'ಫ್ಲಾವಿ'. ತಾಯಿಯ ಮೇಲಿನ ಭಕ್ತಿಯನ್ನು ಅಷ್ಟು ದಪ್ಪ ಅಕ್ಷರದಲ್ಲಿ ಬರೆಸಿದವರು ಆ ಬಂದರಿನಲ್ಲಿ ಇನ್ನೊಬ್ಬರಿರಲಿಲ್ಲ.

ಆದರೆ ಆ ತಾಯಿಗೆ ಆ ದೋಣಿಯಿಂದ ಒಂದು ಮೀನೂ ಬಂದಿರಲಿಲ್ಲ.

ಗೋಡೆಯ ಮೇಲೆ ಬೇಕಾದಷ್ಟಿದ್ದವು. ಹಿಡಿದ ರಾಜರನ್ನೆಲ್ಲ ಎಮಿಲ್ ತೂಕ ಹಾಕಿಸಿ, ಪಟ ತೆಗೆಸಿ, ಒಳಗೆ ಹೊಟ್ಟು ತುಂಬಿಸಿ, ಹಲಗೆಗೆ ಜಡಿಸಿ ನೇತುಹಾಕುತ್ತಿದ್ದ. ಅವು ಬಾಯಿ ತೆರೆದುಕೊಂಡು ಊಟದ ಮೇಜನ್ನೇ ನೋಡುತ್ತಿದ್ದವು. ಆ ಕೇರಿಯಲ್ಲಿ ಶುಕ್ರವಾರ ಮಾಂಸ ಮುಟ್ಟುವುದಿಲ್ಲ, ಮೀನೇ ಆಗಬೇಕು. ಹಾಗಾಗಿ ಪ್ರತಿ ಶುಕ್ರವಾರ ಚರ್ಚಿನ ಸಭಾಂಗಣದಲ್ಲಿ ಕರಿದ ಕಾಡ್ ಮೀನು ರಟ್ಟಿನ ಡಬ್ಬಿಯಲ್ಲಿ ಮನೆಗೆ ಬರುತ್ತಿತ್ತು. ಯಾವುದೋ ದೂರದ ಕಡಲಿನಲ್ಲಿ ಸತ್ತು, ಹೆಪ್ಪುಗಟ್ಟಿ, ಹಡಗು ಹತ್ತಿ ಬಂದ ಮೀನು.

"ಈ ಮೀನು ನೋಡಿರೋಷ್ಟು ದೇಶ ನಾನು ನೋಡಿಲ್ಲ," ಎನ್ನುತ್ತಿದ್ದಳು ಫ್ಲಾವಿ, ಹಿಟ್ಟಿನ ಕವಚವನ್ನು ಫೋರ್ಕಿನಿಂದ ಬಿಡಿಸುತ್ತ. "ನಿಮ್ಮಜ್ಜ ಇದ್ದಾಗ ಶುಕ್ರವಾರ ಬೆಳಗ್ಗೆ ನೀರಲ್ಲಿದ್ದ ಟ್ರೌಟು ಮಧ್ಯಾಹ್ನ ನನ್ನ ಬಾಣಲೇಲಿ ಇರ್ತಿತ್ತು. ಬೆಣ್ಣೆ, ಉಪ್ಪು, ಅಷ್ಟೇ. ಚರ್ಮ ಗರಿಗರಿ ಅನ್ಬೇಕು. ಸಾಯೋದ್ರೊಳಗೆ ಇನ್ನೊಂದು ಸಲ ತಿಂತೀನೋ ಇಲ್ವೋ."

ಫ್ಲಾವಿ ಹೇಳಿದ ಕತೆಗಳನ್ನು ಉಂಡೇ ದೊಡ್ಡವಳಾದ ನೊಯೆಲ್ಲಾಳಿಗೆ ಇಂಥ ಮಾತು ಕೇಳಿ ಸುಮ್ಮನಿರಲಾಗಲಿಲ್ಲ. ಕತೆಯಲ್ಲಿ ಅಜ್ಜಿಯೊಬ್ಬಳು ಬಯಸಿದಳೆಂದರೆ ಯಾರಾದರೂ ಹೊರಡಲೇಬೇಕಲ್ಲ.

"ನಾನ್ ತಂದ್ಕೊಡ್ತೀನಿ ಅಜ್ಜಿ. ಈ ಸಲ ದೋಣೀನ ನೀರಿಂದ ಮೇಲೆ ಎಳೆಯೋದ್ರೊಳಗೆ ನಿನ್ನ ಬಾಣಲೇಲಿ ಟ್ರೌಟ್ ಇರುತ್ತೆ. ಮಾತು ಕೊಟ್ಟೆ."

"ನಿಮ್ಮಪ್ಪನೂ ಕೊಟ್ಟಿದ್ದ ಕಣೇ. ದೋಣಿಗೆ ನನ್ನ ಹೆಸರು ಬರೆಸಿದ ದಿನ. ಆಮೇಲೆ ದೋಣಿಗೆ ಬಣ್ಣ ಎರಡು ಸಲ ಬಳಿದಾಯ್ತು."

ಹೀಗೆ ನೊಯೆಲ್ಲಾ ಗಾಳದ ವಿದ್ಯೆಗೆ ಸೇರಿದಳು. ಆ ವಿದ್ಯೆಗೆ ಮೆಟ್ಟಿಲುಗಳಿದ್ದವು. ಮೊದಲ ವರ್ಷ ಚುಕ್ಕಾಣಿ, ಎರಡನೆಯ ವರ್ಷ ಕೈಬಲೆ, ಗಾಳದ ಕೋಲು ಮುಟ್ಟುವ ಯೋಗ್ಯತೆ ಮೂರನೆಯ ವರ್ಷಕ್ಕೆ. ದೋಣಿ ನಡೆದುಹೋಗುವವನ ವೇಗದಲ್ಲಿ ಸಾಗಬೇಕು. ಹಿಂದೆ ಕೋಲುಗಳು ಬಿಲ್ಲಿನಂತೆ ಬಾಗಿ ನಿಂತಿರಬೇಕು. ಆಳದಲ್ಲಿ ಚಮಚಗಳು ಗಾಯಗೊಂಡ ಮರಿಮೀನಿನಂತೆ ನಟಿಸುತ್ತ ಬರಬೇಕು. ಮೀನು ಕಚ್ಚಿದರೆ ದಾರ ಗುಂಡಿನಿಂದ ಬಿಡಿಸಿಕೊಂಡು, ಕೋಲು ಒಮ್ಮೆಲೇ ನೆಟ್ಟಗಾಗಿ ಮತ್ತೆ ಬಗ್ಗುತ್ತದೆ. ಆಮೇಲೆ ಗಂಡಸರು ಕೂಗಾಡುತ್ತಾರೆ. ಒಟ್ಟು ವಿದ್ಯೆ ಇಷ್ಟೇ.

ಮೊದಲ ದಿನ ಎಮಿಲ್ ಎರಡು ಶಾಸನಗಳನ್ನು ಓದಿಹೇಳಿದ.

"ಒಂದು, ದೋಣಿಗೆ ಬಾಳೆಹಣ್ಣು ತರಕೂಡ್ದು."

"ಯಾಕಪ್ಪ?"

"ತರಕೂಡ್ದು ಅಂದ್ರೆ ತರಕೂಡ್ದು. ಮೀನು ಬರಲ್ಲ. ಎರಡ್ನೇದು ಇನ್ನೂ ಮುಖ್ಯ. ಐಸ್ ಪೆಟ್ಟಿಗೆಗೆ ಮೊದಲು ಬಿದ್ದ ಮೀನು ಎಷ್ಟು ದೊಡ್ಡದೋ ಆವತ್ತಿನ ಅದೃಷ್ಟ ಅಷ್ಟೇ ದೊಡ್ಡದು. ಅದಕ್ಕೇ ರಾಜ ಬೀಳೋವರೆಗೂ ಪೆಟ್ಟಿಗೆಗೆ ಬೇರೆ ಯಾರೂ ಬೀಳಂಗಿಲ್ಲ."

"ಟ್ರೌಟ್ ಸಿಕ್ಕಿದ್ರೆ?"

"ಜಿಡ್ಡುಮೀನು. ವಾಪಸ್ ಬಿಡೋದು."

ಎರಡನೆಯ ಶಾಸನವನ್ನು ಎಮಿಲ್ ಸ್ವಂತ ಅನುಭವದಿಂದ ಕಂಡುಹಿಡಿದಿದ್ದ. ಹಿಂದೊಮ್ಮೆ ಅವನು ಬೆಳಗ್ಗೆಯೇ ದೊಡ್ಡ ರಾಜನನ್ನು ಹಿಡಿದು ಪೆಟ್ಟಿಗೆಗೆ ಹಾಕಿದ್ದ; ಆಮೇಲೆ ಅಂಥದೇ ಇನ್ನೊಂದು ಸಿಕ್ಕಿತ್ತು. ಅಂದಿನಿಂದ ಪೆಟ್ಟಿಗೆ ರಾಜನಿಗೆಂದೇ ಕಾದಿಟ್ಟ ಸಿಂಹಾಸನವಾಯಿತು. ದಿನವೂ ಹೊಸ ಐಸ್ ತುಂಬಿಕೊಂಡು ಹೊರಡುತ್ತಿತ್ತು, ಸಂಜೆ ನೀರಾಗಿ ಮರಳುತ್ತಿತ್ತು.

ನೊಯೆಲ್ಲಾಳಿಗೆ ಚುಕ್ಕಾಣಿ ಒಲಿಯಲಿಲ್ಲ. ನೇರ ಹೋಗು ಎಂದರೆ ನೇರವೇ ಹೋಗುತ್ತಿದ್ದಳು, ಸ್ವಲ್ಪ ಹೊತ್ತು. ಆಮೇಲೆ ಒಂದು ಮೋಡ ಕುರಿಯಾಗುತ್ತಿತ್ತು, ಕುರಿಯ ಹಿಂದೆ ಕುರುಬ ಹುಡುಗಿ ಬರುತ್ತಿದ್ದಳು, ಅವಳಿಗೆ ತೋಳದ ವೇಷದ ರಾಜಕುಮಾರ ಎದುರಾಗುತ್ತಿದ್ದ. ದೋಣಿಯೂ ನಿಧಾನಕ್ಕೆ ಮೋಡದ ಕಡೆ ವಾಲುತ್ತಿತ್ತು.

"ನೇರಾ... ನೊಯೆಲ್ಲಾ, ನೇರಾ. ದೋಣಿ ಓಡಿಸ್ತಿದೀಯೋ, ರಂಗೋಲಿ ಹಾಕ್ತಿದೀಯೋ?"

ಎಮಿಲ್ ಬೈದು ಮುಗಿಸುವ ಮೊದಲೇ ಎಡಗಡೆಯ ಕೋಲು ನೆಗೆಯಿತು. ಕ್ಲೆಮ್ ಕೈಬಲೆ ಹಿಡಿದು ಓಡಿದ. ಮೇಲೆ ಬಂದದ್ದು ಬೂದುಬಣ್ಣದ ಮೈಗೆ ಬಿಳಿ ಚುಕ್ಕಿಯ ಟ್ರೌಟು.

"ಹಸಿರು ಚುಕ್ಕಿ ಚಮಚ," ಎಂದ ಎಮಿಲ್ ಗಂಭೀರವಾಗಿ. "ಇವತ್ತು ಹಸಿರು ನಡೀತಿದೆ."

"ನಾನ್ ಬೆಳಗ್ಗೇನೇ ಹೇಳ್ದೆ," ಎಂದ ಕ್ಲೆಮ್, ಹೇಳಿರಲಿಲ್ಲ.

"ಅಪ್ಪ, ಇದನ್ನ ಅಜ್ಜಿಗೆ..." ಎನ್ನುವಷ್ಟರಲ್ಲಿ ಟ್ರೌಟು ನೀರಿಗೆ ಬಿದ್ದಾಗಿತ್ತು.

ಬೇಸಿಗೆಯುದ್ದಕ್ಕೂ ಇದೇ ನಡೆಯಿತು. ಅವಳು ಮೋಡ ನೋಡುವಳು, ದೋಣಿ ಸೊಟ್ಟಗಾಗುವುದು, ಟ್ರೌಟು ಕಚ್ಚುವುದು, ಅಣ್ಣತಮ್ಮಂದಿರು ಬಣ್ಣದ ಬಗ್ಗೆ ತೀರ್ಪು ಕೊಡುವರು, ಟ್ರೌಟು ಮನೆಗೆ ಹೋಗುವುದು, ಅಂದರೆ ಅದರ ಮನೆಗೆ. ಸಂಜೆ ಬಂದರಿನ ಬಾರಿನಲ್ಲಿ ಬ್ರಾಂಡಿಯ ಮುಂದೆ ಬಣ್ಣಗಳ ಮಹಾಸಭೆ ಸೇರುತ್ತಿತ್ತು. ಕಿತ್ತಳೆಯವರು, ನೀಲಿಯವರು, ಕತ್ತಲಲ್ಲಿ ಹೊಳೆಯುವ ಹಸಿರಿನವರು ಎಂದು ಪಂಗಡಗಳು. ಹಸಿರಿನವನ ಮಗಳನ್ನು ಕಿತ್ತಳೆಯವನ ಮನೆಗೆ ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರು.

ನೊಯೆಲ್ಲಾ ಮಾತ್ರ ಒಂದು ದಿನ ಮೋಡ ಬಿಟ್ಟು ದಾರವನ್ನು ನೋಡಿದಳು. ದೋಣಿ ಎಡಕ್ಕೆ ತಿರುಗಿದರೆ ಎಡಗಡೆಯ ದಾರ ಸಡಿಲಾಗಿ, ಅದರ ಚಮಚ ಸುಸ್ತಾದಂತೆ ಕೆಳಗೆ ಜಾರುತ್ತಿತ್ತು. ತಳದಲ್ಲಿ ಮಲಗಿದ್ದ ಟ್ರೌಟಿನ ಮೂಗಿನ ಮುಂದೆಯೇ. ತಿರುವಿನ ಹೊರಗಡೆಯ ದಾರ ಆಗ ವೇಗವಾಗಿ ಓಡುತ್ತಿತ್ತು. ಚಮಚಕ್ಕೆ ಜೀವ ಬರುತ್ತಿದ್ದದ್ದು ಬಣ್ಣದಿಂದಲ್ಲ, ತಿರುವಿನಿಂದ.

"ಅಪ್ಪ, ಮೀನು ಕಚ್ಚೋದು ನಾವು ತಿರುಗಿದಾಗ."

ಎಮಿಲ್ ತಮ್ಮನ ಮುಖ ನೋಡಿದ. "ಕೇಳಿದ್ಯೇನೋ? ಸೊಟ್ಟ ಹೋದ್ರೆ ಮೀನು ಸಿಗೋದಾಗಿದ್ರೆ ನೀನು ಕುಡ್ದು ಓಡಿಸಿದ ದಿನ ದೋಣಿ ತುಂಬಿ ಮುಳುಗ್ಬೇಕಿತ್ತು."

"ಅವತ್ತು ಸಿಕ್ಕಿತ್ತಲ್ಲಣ್ಣ, ನಾಲ್ಕು."

"ಅದು ನೇರಳೆ ಚಮಚಕ್ಕೆ."

ಈಗ ನೊಯೆಲ್ಲಾಳಿಗೆ ಬೇಕೆಂದಾಗ ಟ್ರೌಟು ಬರುತ್ತಿತ್ತು. ಆದರೆ ಪೆಟ್ಟಿಗೆಯ ಮುಚ್ಚಳದ ಮೇಲೆ ಅಪ್ಪ ಕುಳಿತಿರುತ್ತಿದ್ದ. ಬೇಡಿಕೊಂಡಳು, ಮುನಿಸಿಕೊಂಡಳು. "ಒಂದೇ ಒಂದು ಅಪ್ಪ," ಎಂದರೆ, "ನನ್ನಮ್ಮಂಗೆ ಜಿಡ್ಡುಮೀನು ತಿನ್ನಿಸ್ತೀನಾ? ರಾಜನ್ನೇ ತರ್ತೀನಿ," ಎನ್ನುತ್ತಿದ್ದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಾಡುತ್ತಿತ್ತು. ಈಚೆಗೆ ಸಿಕ್ಕ ರಾಜ ಗೋಡೆಗೆ ಹೋಗಿದ್ದ.

ಎಲೆಗಳು ಕೆಂಪಾದವು. ಫ್ಲಾವಿ ಮೊದಮೊದಲು ಶುಕ್ರವಾರ ಬೆಳಗ್ಗೆ ಬಾಣಲೆಯನ್ನು ಒಲೆಯ ಮೇಲಿಟ್ಟು ಕಾಯುತ್ತಿದ್ದಳು. ಆಮೇಲೆ ಬಾಣಲೆ ಗೂಟಕ್ಕೆ ಹೋಯಿತು. "ಸಿಕ್ತೇನೇ?" ಎಂದು ಕೇಳುವುದನ್ನೂ ಬಿಟ್ಟಳು; ರಟ್ಟಿನ ಡಬ್ಬಿ ಬಂದರೆ ಸುಮ್ಮನೆ ತೆರೆದು ತಿನ್ನುತ್ತಿದ್ದಳು. ಅವಳು ಕೇಳದಿದ್ದದ್ದು ನೊಯೆಲ್ಲಾಳಿಗೆ ಮುಳ್ಳಾಗಿ ಚುಚ್ಚಿತು. ಇನ್ನೊಂದೇ ಶುಕ್ರವಾರ ಉಳಿದಿತ್ತು. ಮಾರನೆಯ ದಿನ ದೋಣಿಯನ್ನು ಮೇಲೆಳೆದು ಚಳಿಗಾಲಕ್ಕೆ ಹೊದಿಕೆ ಹೊದಿಸುವವರಿದ್ದರು.

ಆಗ ಅವಳಿಗೆ ಅಜ್ಜಿಯ ಕತೆಗಳೇ ನೆನಪಾದವು. ಎಂಥ ರಾಜಾಜ್ಞೆಗೂ ಒಂದು ಸಂದು ಇರುತ್ತಿತ್ತು. ಹಗಲಲ್ಲೂ ಬರಬೇಡ, ಇರುಳಲ್ಲೂ ಬರಬೇಡ ಎಂದರೆ ರೈತನ ಮಗಳು ಮುಸ್ಸಂಜೆಗೆ ಬಂದು ನಿಲ್ಲುತ್ತಿದ್ದಳು. ಅಪ್ಪನ ಶಾಸನವನ್ನು ಅವಳು ಮನಸ್ಸಿನಲ್ಲಿ ಹಿಂದೆಮುಂದೆ ಮಾಡಿ ಓದಿದಳು. ಅದರಲ್ಲಿದ್ದದ್ದು ಪೆಟ್ಟಿಗೆಯ ಮಾತು ಮಾತ್ರ.

ಶುಕ್ರವಾರ ಬೆಳಗ್ಗೆ ಫ್ಲಾವಿ ಚರ್ಚಿಗೆ ಹೋಗುವ ಟೋಪಿ ಇಟ್ಟುಕೊಂಡು, ಮೊಮ್ಮಗಳ ತೋಳು ಹಿಡಿದು, ಕೈಚೀಲದೊಂದಿಗೆ ದೋಣಿಯ ಕಟ್ಟೆಯ ಮೇಲೆ ಪ್ರತ್ಯಕ್ಷಳಾದಳು.

"ಎಲ್ಲಿಗಮ್ಮ?" ಎಂದ ಎಮಿಲ್.

"ನನ್ನ ಹೆಸರು ಯಾವ ಕಡೆ ಹೋಗುತ್ತೆ ಅಂತ ನೋಡೋಣ ಅಂತ."

"ಚಳಿ ಇದೆ. ಅಲೆ ಇದೆ."

"ನೀನು ಹುಟ್ಟಿದಾಗ್ಲೂ ಚಳಿ ಇತ್ತು. ಕೈ ಕೊಡು."

ದಡ ಕಣ್ಮರೆಯಾಗುವವರೆಗೂ ಮುದುಕಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಆಮೇಲೆ ಚೀಲಕ್ಕೆ ಕೈಹಾಕಿ ಒಂದು ಬಾಳೆಹಣ್ಣು ತೆಗೆದಳು.

ಕ್ಲೆಮ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಎಮಿಲನ ಮುಖ ಬಿಳಿಚಿಕೊಂಡಿತು. "ಅಮ್ಮ, ಅದನ್ನ ನೀರಿಗೆ ಎಸಿ."

"ಯಾಕೆ? ಕಳಿತ ಹಣ್ಣು. ಈ ಹಲ್ಲಿಗೆ ಇನ್ನೇನು ತಿನ್ಲಿ, ನಿನ್ನ ಸೀಸದ ಗುಂಡಾ?"

"ಮೀನು ಬರಲ್ಲಮ್ಮ."

"ಇಷ್ಟು ವರ್ಷ ನಾನು ಮನೇಲಿ ಕೂತು ತಿಂತಿದ್ದೆ. ಆಗ ಬಂತಾ?" ಎಂದು ಫ್ಲಾವಿ ನಿಧಾನವಾಗಿ ಸುಲಿದು, ನಿಧಾನವಾಗಿ ತಿಂದಳು. ಇಬ್ಬರು ಗಡ್ಡದ ಗಂಡಸರು ಹೆರಿಗೆಮನೆಯ ಹೊರಗೆ ನಿಂತವರಂತೆ ನೋಡುತ್ತ ನಿಂತರು.

ನೊಯೆಲ್ಲಾ ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿದಳು. ಈ ಸಲ ಮೋಡಕ್ಕಾಗಿ ಅಲ್ಲ.

ಎಡಗಡೆಯ ಕೋಲು ನೆಗೆಯಿತು. ಗಂಡಸರಿಬ್ಬರೂ ಇನ್ನೂ ಸಿಪ್ಪೆಯನ್ನೇ ನೋಡುತ್ತಿದ್ದರಿಂದ ಅವಳೇ ಯೋಗ್ಯತೆಯಿಲ್ಲದ ಕೈಯಿಂದ ಕೋಲು ಹಿಡಿದು, ಸುತ್ತಿ ಸುತ್ತಿ ಮೇಲೆಳೆದಳು. ಕ್ಲೆಮ್ ಅಭ್ಯಾಸಬಲದಿಂದ ಬಲೆ ಒಡ್ಡಿದ. ಕೊಬ್ಬಿದ ಟ್ರೌಟು.

"ಜಿಡ್ಡುಮೀನು," ಎಂದ ಎಮಿಲ್. "ಬಾಳೆಹಣ್ಣಿನ ಕೆಲಸ. ಬಿಡು, ಬಿಡು. ಪೆಟ್ಟಿಗೆಗೆ ಮಾತ್ರ ಹಾಕ್ಬೇಡ."

"ಹಾಕಲ್ಲಪ್ಪ. ಪೆಟ್ಟಿಗೆ ಮುಟ್ಟೋದೂ ಇಲ್ಲ."

ಫ್ಲಾವಿ ಚೀಲದಿಂದ ತನ್ನ ಕಬ್ಬಿಣದ ಬಾಣಲೆಯನ್ನು ತೆಗೆದಳು. ಆಮೇಲೆ ಕಾಗದದಲ್ಲಿ ಸುತ್ತಿದ ಬೆಣ್ಣೆ. ಆಮೇಲೆ ಉಪ್ಪಿನ ಡಬ್ಬಿ. ಕಾಫಿ ಕಾಯಿಸಲೆಂದು ದೋಣಿಯಲ್ಲಿದ್ದ ಪುಟ್ಟ ಗ್ಯಾಸ್ ಒಲೆಯನ್ನು ನೊಯೆಲ್ಲಾ ಹಚ್ಚಿ, ಮೀನು ಸೀಳಿ ತೊಳೆದಳು. ಎಮಿಲ್ ಬಾಯಿ ತೆರೆದ, ಶಾಸನವನ್ನು ಮನಸ್ಸಿನಲ್ಲೇ ಓದಿಕೊಂಡ, ಬಾಯಿ ಮುಚ್ಚಿದ.

ಬೆಣ್ಣೆ ನೊರೆಯಾಡಿತು. ಚುಕ್ಕಾಣಿಯನ್ನು ಕೇಳುವವರಿಲ್ಲದೆ ದೋಣಿ ತನ್ನಷ್ಟಕ್ಕೇ ದೊಡ್ಡ ಸುತ್ತು ಹಾಕುತ್ತಿತ್ತು. ಮೀನಿನ ಚರ್ಮ ಚುರುಗುಟ್ಟುವ ಹೊತ್ತಿಗೆ ಸರಿಯಾಗಿ ಹೊರಗಡೆಯ ಕೋಲು ನೀರು ಮುಟ್ಟುವಂತೆ ಬಗ್ಗಿತು. ದಾರ ಕಿರುಚುತ್ತ ಓಡಿತು. ದೂರದಲ್ಲಿ ಬೆಳ್ಳಿಯ ಬಾಗಿಲಿನಂಥದೊಂದು ನೀರಿನಿಂದೆದ್ದು ಬಿತ್ತು.

"ರಾಜ," ಎಂದ ಎಮಿಲ್, ಪಿಸುಮಾತಿನಲ್ಲಿ. ಕೋಲಿಗೆ ಬಿದ್ದು ಹಿಡಿದ. "ನೊಯೆಲ್ಲಾ, ಚುಕ್ಕಾಣಿ. ನೇರ ಮಾಡು. ಬೇಗ."

ನೊಯೆಲ್ಲಾಳ ಕಾಲು ತಾನಾಗಿ ಎದ್ದಿತು. ಅಪ್ಪ ಆ ದನಿಯಲ್ಲಿ ಕರೆದದ್ದು ಅವಳು ಕೇಳಿದ್ದೇ ಇಲ್ಲ. ಬಾಣಲೆಯಲ್ಲಿ ಮೀನಿನ ಅಂಚು ಆಗತಾನೇ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಅಜ್ಜಿ ಬಾಣಲೆಯನ್ನೂ ನೋಡದೆ ನೀರಿನ ಕಡೆ ಮುಖ ತಿರುಗಿಸಿಕೊಂಡಳು, ರಟ್ಟಿನ ಡಬ್ಬಿ ತೆರೆಯುವಾಗಿನ ಮುಖ.

ನೊಯೆಲ್ಲಾ ಕೂತಳು.

"ಈಗ ಮಗುಚ್ಬೇಕಪ್ಪ. ಬಿಟ್ರೆ ಸೀದುಹೋಗುತ್ತೆ."

"ಏನು ಸೀದುಹೋಗುತ್ತೆ? ಇಲ್ಲಿ ರಾಜ ಇದಾನೆ ಕಣೇ."

"ಅವನು ಕಾಯ್ತಾನೆ. ಬೆಣ್ಣೆ ಕಾಯಲ್ಲ."

ರಾಜ ಕಾಯಲಿಲ್ಲ. ದೋಣಿಯ ಅಡಿಗೆ ನುಗ್ಗಿದ, ಇನ್ನೊಂದು ದಾರಕ್ಕೆ ತೊಡರಿದ, ಕ್ಲೆಮ್ ಒಡ್ಡಿದ ಬಲೆಗೆ ಬಾಲದಿಂದ ಒಂದು ಏಟು ಕೊಟ್ಟು ಕೊಕ್ಕೆ ಉಗುಳಿ ತನ್ನ ರಾಜ್ಯಕ್ಕೆ ಇಳಿದುಹೋದ. ಚಮಚ ಗಾಳಿಯಲ್ಲಿ ಹಾರಿಬಂದು ಕ್ಲೆಮ್‌ನ ಟೋಪಿಗೆ ಕಚ್ಚಿಕೊಂಡಿತು.

ಎಮಿಲ್ ಪೆಟ್ಟಿಗೆಯ ಮೇಲೆ ಕುಸಿದು ಕುಳಿತ. ಒಳಗೆ ಐಸ್ ಕರಗುತ್ತಿತ್ತು. ದೋಣಿಯ ರೇಡಿಯೋ ಗರಗರ ಎಂದಿತು. ಪಕ್ಕದ ದೋಣಿಯವನು ಎಲ್ಲ ನೋಡಿದ್ದ.

"ಫ್ಲಾವಿ, ಫ್ಲಾವಿ, ಅದು ರಾಜಾನೇ ಅಲ್ವಾ? ಯಾವ ಬಣ್ಣಕ್ಕೆ ಬಂತು?"

ತನ್ನ ಹೆಸರು ಕರೆದದ್ದರಿಂದ ಫ್ಲಾವಿಯೇ ಕೈಚಾಚಿ ರೇಡಿಯೋ ಎತ್ತಿಕೊಂಡಳು. "ಬೆಣ್ಣೆ ಬಣ್ಣ ಕಣಪ್ಪ. ಎರಡೂ ಕಡೆ ಕೆಂಪಗಾಗ್ಬೇಕು, ಅಷ್ಟೇ."

ಆಮೇಲೆ ಆ ದೋಣಿಯಲ್ಲಿ ಬೀರು ತೆರೆದು ಚಮಚಗಳನ್ನು ತಡಕಾಡುವ ಸದ್ದು ನೀರಿನ ಮೇಲೆ ತೇಲಿಬಂತು.

ಮೀನು ತಟ್ಟೆಗೆ ಬಂದಿತ್ತು. ಮುದುಕಿ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಪ್ರಾರ್ಥನೆ ಹೇಳಿದಳು. ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದಳು. ಚರ್ಮ ಗರಿಗರಿ ಎಂದದ್ದು ಎಲ್ಲರಿಗೂ ಕೇಳಿಸಿತು.

"ಉಪ್ಪು ಒಂಚೂರು ಕಮ್ಮಿ," ಎಂದಳು.

ಎಮಿಲ್ ತಲೆಯೆತ್ತಿ ನೋಡಿದ. ಫೋರ್ಕಿನ ತುದಿಯಲ್ಲಿ ಒಂದು ತುಂಡು ಅವನ ಮೂಗಿನ ಮುಂದೆಯೇ ನಿಂತಿತ್ತು. ಬೇರೆ ದಾರಿ ಕಾಣದೆ ಕಚ್ಚಿದ. ಅವನ ಮುಖದಲ್ಲಿ ಏನೇನೋ ಬಂದುಹೋಯಿತು. ಗೋಡೆಯ ಮೀನುಗಳ ರುಚಿ ಹೇಗಿದ್ದೀತು ಎಂಬ ಯೋಚನೆಯೂ ಇದ್ದಿರಬಹುದು.

ಉಳಿದದ್ದನ್ನು ಫ್ಲಾವಿ ಯಾರಿಗೂ ಕೊಡಲಿಲ್ಲ. ನೊಯೆಲ್ಲಾ ಚುಕ್ಕಾಣಿಗೆ ಹೋಗಿ ದೋಣಿಯನ್ನು ಮನೆಯ ಕಡೆ ತಿರುಗಿಸಿದಳು, ಈ ಸಲ ನೇರವಾಗಿ. ಹಿಂದಿನಿಂದ ಮುದುಕಿ ಬೆರಳು ಚೀಪುವ ಸದ್ದು ಬರುತ್ತಿತ್ತು. ಬಂದರಿನ ಕೆಂಪು ದೀಪಸ್ತಂಭ ಕಾಣಿಸುವ ಹೊತ್ತಿಗೆ ತಟ್ಟೆಯಲ್ಲಿ ನಡುಮುಳ್ಳು ಮಾತ್ರ ಉಳಿದಿತ್ತು, ಬಾಚಣಿಗೆಯಷ್ಟು ಶುಚಿಯಾಗಿ.